ಅನುಮಾನಿತ: ಸೊನ್ನೆ

ಜನವರಿ 11, 2005, ಮಂಗಳವಾರ

ನಸುಕಿನ ನಾಲ್ಕೂ ಹತ್ತು. ಇಟ್ಟಿಗೆಗೆ ಕಬ್ಬಿಣ ಬಡಿಯುವ ಸದ್ದು. ಟಕ್, ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್. ಹಿಂದಿನ ಗೋಡೆಯ ಕಡೆಯಿಂದಲೇ.

ಕಣ್ಣು ಹತ್ತಿ ಒಂದು ಗಂಟೆಯೂ ಆಗಿರಲಿಲ್ಲ. ಮೂರರವರೆಗೆ ಮಗ ಧನುಷ್‌ಗೆ ಉಬ್ಬಸ. ಎರಡೂವರೆ ವರ್ಷದ ಎದೆಯಲ್ಲಿ ಯಾರೋ ಗರಗಸ ಎಳೆದಂತೆ. ಲೈಟು ಹಾಕಲಿಲ್ಲ. ಹಿಂದಿನ ಬಾಗಿಲಿನ ಮೂರೂ ಚಿಲಕ ಮುಟ್ಟಿ ನೋಡಿದೆ. ಲಟ್ಟಣಿಗೆ ಹಿಡಿದು ಅಡುಗೆಮನೆಯಲ್ಲಿ ನಿಂತೆ. ನೆಲಮಹಡಿಯ ಮನೆ ಬೇಡ ಎಂದು ಆಗಲೇ ಬಡಿದುಕೊಂಡಿದ್ದೆ.

ಮಹಂತೇಶ್ ಸೋಮವಾರದಿಂದ ಶುಕ್ರವಾರದವರೆಗೆ ಮಾನೇಸರ್‌ನ ಕಾರ್ಖಾನೆಯ ಗೆಸ್ಟ್‌ಹೌಸಿನಲ್ಲೇ ಇರುತ್ತಾರೆ. ಫೋನ್ ಮಾಡಿ ಎಬ್ಬಿಸಿದೆ.

"ಕಳ್ಳರು ಹಿಂಗ ಡೋಲು ಬಾರಿಸಿಕೋತ ಬರತಾರೇನು? ಮಲಕೋ ಮಾರಾಯ್ತಿ. ನಿದ್ದಿ ಬರಲಿಲ್ಲಂದ್ರ ಆ ಡೈರಿಯೊಳಗ ಏನರ ಬರಿ."

ಕಾರ್ಖಾನೆಯವರು ಹೊಸ ವರ್ಷಕ್ಕೆ ಹಂಚಿದ ಡೈರಿ ಇದು. ಬರೆಯುತ್ತಿದ್ದೇನೆ.

ಬೆಳಕಾದ ಮೇಲೆ ನೋಡಿದರೆ ಗೋಡೆಯಲ್ಲಿ ಬಗ್ಗಿ ನುಸುಳುವಷ್ಟು ದೊಡ್ಡ ಕಿಂಡಿ. ಆಚೆ ಬದಿಯಲ್ಲಿ ಕೊಳಚೆ ನಾಲೆ, ಅದರ ದಂಡೆಗೆ ಝುಗ್ಗಿ ಗುಡಿಸಲುಗಳ ಬಸ್ತಿ. ದೆಹಲಿಯ ಜನಕಪುರಿಯ ನಮ್ಮ ಕಾಲನಿಗೂ ಅಲ್ಲಿಯವರಿಗೂ ನಡುವೆ ಇದ್ದದ್ದು ಅದೊಂದೇ ಗೋಡೆ. ಕೂಡಲೇ ಕಾಲನಿ ಸಂಘದ ಅಧ್ಯಕ್ಷರಾದ ದಕ್ಷಿಣಾಮೂರ್ತಿಗಳಿಗೆ ಫೋನ್ ಮಾಡಿದೆ. ನಾನೇ ಮೊದಲು ದೂರು ಕೊಟ್ಟವಳಂತೆ. "ಒಳ್ಳೇ ಕೆಲಸ ಮಾಡಿದೆ ಮಗು," ಎಂದರು.

ಏಳಕ್ಕೆ ಮನೆಗೆಲಸದ ಫೂಲ್‌ಮತಿ ಬಂದಳು, ಆ ಕಿಂಡಿಯಿಂದಲೇ, ಅಂಗೈಯ ಕೆಂಪು ಪುಡಿಯನ್ನು ಸೀರೆಗೆ ಒರೆಸಿಕೊಳ್ಳುತ್ತ. "ರೋಡು ಸುತ್ತಿ ಬಂದ್ರೆ ಅರ್ಧ ಗಂಟೆ ದೀದಿ. ಲೇಟಾದ್ರೆ ನೀವು ಬೈತೀರಿ. ಚಲೋ, ನಾವೇ ದರವಾಜಾ ಮಾಡ್ಕೊಂಡ್ವಿ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಬೇಕೆಂದಲ್ಲಿ ಬಾಗಿಲು ಕೊರೆಯುವ ಜನ. ಇವಳ ಹೆಗಲಿಗೇ ನಾನು ಮಗುವನ್ನು ಕೊಡುತ್ತೇನೆ.

ಜನವರಿ 14, ಶುಕ್ರವಾರ

ಸಂಕ್ರಾಂತಿ. ಶಾರದಮ್ಮನವರು ಎಳ್ಳು ತಂದರು, ಜೊತೆಯಲ್ಲಿ ಅವರ ಯಜಮಾನರೂ. ದಕ್ಷಿಣಾಮೂರ್ತಿಗಳು ಮೂವತ್ತನಾಲ್ಕು ವರ್ಷ ಕೇಂದ್ರ ಸರ್ಕಾರದಲ್ಲಿದ್ದು, ಬಹಳ ಮೇಲಿನ ಹುದ್ದೆಯಿಂದ ನಿವೃತ್ತರಾದವರು. ಈಗ ಟೈ ಇಲ್ಲ ಎನ್ನುವುದೊಂದೇ ವ್ಯತ್ಯಾಸ. ಈ ಮನೆ ನಮಗೆ ಬಾಡಿಗೆಗೆ ಸಿಕ್ಕಿದ್ದು ಅವರಿಂದಲೇ. ಮಾಲೀಕರು ಅವರ ಭಾವಮೈದುನ.

ಬಸ್ತಿಯ ಸಮೀಕ್ಷೆ ಆಗಬೇಕಂತೆ. ಸರ್ಕಾರಿ ಕಚೇರಿಯಲ್ಲಿ ಆಳುಗಳಿಲ್ಲ. ಸಂಘದವರೇ ಮಾಡಿಕೊಟ್ಟರೆ ಒಪ್ಪುತ್ತಾರಂತೆ.

"ಇಲ್ಲಿ ನಲವತ್ತು ಮನೇಲಿ ಕಿಟಿ ಪಾರ್ಟಿ ಮಾಡೋ ಹೆಂಗಸರಿದ್ದಾರೆ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿರೋಳು ನೀನೊಬ್ಬಳೇ. ಓದಿದವರು ಮನೇಲಿ ಕೂತ್ರೆ ದೇಶ ನಡೆಸೋರು ಯಾರು?"

"ನನಗೆ ಅಲ್ಲಿಗೆ ಹೋಗೋಕೆ ಭಯ ಸರ್."

"ಭಯ ಇರೋರೇ ಸರಿಯಾಗಿ ನೋಡ್ತಾರೆ."

ಎರಡು ವರ್ಷದಿಂದ ಯಾರೂ ನನ್ನ ಎಂ.ಎ. ನೆನಪಿಸಿಕೊಂಡಿರಲಿಲ್ಲ. ಹೂಂ ಎಂದೆ.

ಗಾರೆಯವರು ಬಂದು ಕಿಂಡಿ ಮುಚ್ಚಿದರು. ಈಗಲಾದರೂ ನಿದ್ದೆ ಬಂದೀತು.

ಜನವರಿ 15

ಬರಲಿಲ್ಲ.

ಜನವರಿ 18, ಮಂಗಳವಾರ

ಮೊದಲ ದಿನ, ಇಪ್ಪತ್ತೊಂದು ಮನೆ. ಧನುಷ್‌ನನ್ನು ಸೊಂಟಕ್ಕೇರಿಸಿಕೊಂಡೇ ಹೋದೆ, ಯಾರ ಹತ್ತಿರ ಬಿಡಲಿ? ಫೂಲ್‌ಮತಿ ಮುಂದೆ ಮುಂದೆ, ಮೆರವಣಿಗೆಯ ಗುರಿಕಾರಳಂತೆ. "ನಮ್ಮ ದೀದಿ ಮದ್ರಾಸಿ, ಬಹುತ್ ಪಢೀ-ಲಿಖೀ. ಸುಳ್ಳು ಹೇಳಬೇಡಿ," ಎಂದು ಎಲ್ಲರಿಗೂ ಸಾರಿದಳು. ಮದ್ರಾಸಿ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ.

ಫಾರಂ ಹಿಂದಿಯಲ್ಲಿದೆ. ಜೆರಾಕ್ಸಿನ ಜೆರಾಕ್ಸು, ತಲೆಬರಹದ ಕೆಳಗಿನ ಸಾಲು ಮಡಿಕೆಯಲ್ಲಿ ಅಳಿಸಿಹೋಗಿದೆ. ಓದಲು ತೊಂದರೆಯಿಲ್ಲ, ಹೈಸ್ಕೂಲಿನಲ್ಲಿ ಹಿಂದಿ ಪ್ರಚಾರದ ಮೂರು ಪರೀಕ್ಷೆ ಕಟ್ಟಿದ್ದೇನೆ. ನಾಲ್ಕು ಕಾಲಂ: ಕ್ರಮಸಂಖ್ಯೆ, ಯಜಮಾನನ ಹೆಸರು, ಎಷ್ಟು ಜನ, ಕೊನೆಯದು 'ಅನುಮಾನಿತ'. ಅಂದರೆ ಮನೆಯಲ್ಲಿ ಅನುಮಾನ ಬರುವಂಥವರು ಎಷ್ಟು ಮಂದಿ. ಎಷ್ಟು ನಿರ್ದಾಕ್ಷಿಣ್ಯವಾದ ಕಾಲಂ! ಯಾರ ಮುಖ ನೋಡಿ ಹಾಗೆ ಬರೆಯಲಿ? ಸೊನ್ನೆ, ಸೊನ್ನೆ, ಸೊನ್ನೆ ಹಾಕುತ್ತ ಹೋದೆ. ನನಗೂ ಒಂದಿಷ್ಟು ಕರುಳಿದೆ.

ಹದಿನೇಳನೆಯ ಮನೆಯಲ್ಲಿ ಮಾತ್ರ ಕೈ ತಡೆಯಿತು. ಒಂದೇ ಕೋಣೆಯಲ್ಲಿ ಒಂಬತ್ತು ಗಂಡಸರು. ಬಂದು ಮೂರು ತಿಂಗಳಾಗಿದೆಯಂತೆ. ಎಲ್ಲರೂ ನನ್ನನ್ನೇ ನೋಡಿದರು. ಕೊನೆಯ ಕಾಲಂನಲ್ಲಿ 9 ಎಂದು ಬರೆದು ಹೊರಗೆ ಬಂದೆ.

ಜನ ಏನೇನೋ ಹೇಳುತ್ತಾರೆ. ಬರೆದುಕೊಳ್ಳಲು ಫಾರಂನಲ್ಲಿ ಜಾಗವಿಲ್ಲ. ಮರೆಯಬಾರದೆಂದು ಇಲ್ಲಿ:

ಮನೆ 1. ಫೂಲ್‌ಮತಿ. ಏಷ್ಯಾಡ್ ಆಟಕ್ಕೆ ಸ್ಟೇಡಿಯಂ ಕಟ್ಟುವಾಗ ಮಾವ ಕಟಿಹಾರದಿಂದ ಬಂದದ್ದು. ಎಂದರೆ 82ಕ್ಕೂ ಮುಂಚೆ.

ಮನೆ 4. ಮುದುಕಿ. "ನಿಮ್ಮ ಬಿಲ್ಡಿಂಗಿಗೆ ಇಟ್ಟಿಗೆ ಹೊತ್ತವಳು ನಾನು. ನಿಮ್ಮ ಅಡುಗೆಮನೆ ಕಿಟಕಿ ಪೂರ್ವಕ್ಕಿದೆ ಅಲ್ವಾ?" ಹೌದು, ಪೂರ್ವಕ್ಕಿದೆ.

ಮನೆ 11. ಇಸ್ತ್ರಿಯವನು. ದೊಡ್ಡ ಮಗಳು ಹುಟ್ಟಿದ್ದು ಇಲ್ಲೇ. ಅವಳಿಗೆ ಬರುವ ತಿಂಗಳು ಮದುವೆ.

ಡೈರಿ ಜೊತೆಗೇ ಒಯ್ದು, ಹೀಗೆ ಎಲ್ಲವನ್ನೂ ಅವರೆದುರೇ ಬರೆದುಕೊಳ್ಳುತ್ತಿದ್ದೇನೆ. ಕೊನೆಯ ಪುಟಗಳಲ್ಲಿ, ಮನೆ ಮನೆಯದ್ದೂ.

ಜನವರಿ 19

ನಿನ್ನೆ ಅಲ್ಲಿಯ ಹೊಗೆ ಕುಡಿದು ಧನುಷ್‌ಗೆ ಮತ್ತೆ ಉಬ್ಬಸ. ಫೂಲ್‌ಮತಿ ಅವನನ್ನು ನೆಟ್ಟಗೆ ಹೆಗಲಿಗೆ ಹಾಕಿಕೊಂಡು, ಬೆನ್ನಿಗೆ ತಟ್ಟುತ್ತ, ಮೂರು ಗಂಟೆ ಓಡಾಡಿದಳು. ಮಲಗಿದ. ನಾನೂ ನಲವತ್ತು ನಿಮಿಷ ಮಲಗಿದೆ.

ಜನವರಿ 22, ಶನಿವಾರ

ಎರಡನೆಯ ದಿನದ ಇಪ್ಪತ್ತಮೂರೂ ಸೇರಿ ಒಟ್ಟು ನಲವತ್ತನಾಲ್ಕು ಮನೆ ಮುಗಿಯಿತು. ಪಟ್ಟಿ ಕೊಟ್ಟೆ. "ಸಹಿಯ ಕೆಳಗೆ ಎಂ.ಎ. ಅಂತ ಬರಿ," ಎಂದರು ದಕ್ಷಿಣಾಮೂರ್ತಿಗಳು. ಬರೆದೆ. ಅವರು ಪುಟ ತಿರುವಿದರು, ಕೊನೆಯ ಕಾಲಂ ಮೇಲೆ ಕನ್ನಡಕ ಸ್ವಲ್ಪ ಹೊತ್ತು ನಿಂತಿತು. "ನೀನೇ ವಿಚಾರಿಸಿದ್ದು ತಾನೇ?" ಎಂದರು. "ಹೌದು ಸರ್, ಮನೆಮನೆಗೆ ಹೋಗಿ." "ಭೇಷ್."

ಪದ್ಮಾ ಫೋನ್ ಮಾಡಿದ್ದಳು. ಮೈಸೂರಿನ ಹಾಸ್ಟೆಲಿನಲ್ಲಿ ಐದು ವರ್ಷ ಒಂದೇ ರೂಮು ನಮ್ಮದು. ಈಗ ಇಲ್ಲೇ ತೀಸ್ ಹಜಾರಿ ಕೋರ್ಟಿನಲ್ಲಿ ವಕೀಲೆ. ಸಮೀಕ್ಷೆಯ ಸುದ್ದಿ ಹೆಮ್ಮೆಯಿಂದಲೇ ಹೇಳಿದೆ.

"ಯಾರ ಪಟ್ಟಿ, ಯಾರ ಕೈಗೆ ಕೊಟ್ಟೆ ಲಕ್ಷ್ಮೀ?"

"ಸಂಘಕ್ಕೆ. ಅವರು ಸರ್ಕಾರಕ್ಕೆ ಕೊಡ್ತಾರೆ."

"ಸಂಘಕ್ಕೆ ಯಾರು ಓಟು ಹಾಕಿದ್ರು?"

"ಯಾರೂ ಇಲ್ಲ, ಅವಿರೋಧ."

"ನಕಲು ಇಟ್ಕೊಂಡ್ಯಾ?"

"ಅದ್ಯಾಕೆ?"

"ಎಂ.ಎ. ಮಾಡಿ ಗೇಟು ಕಾಯೋಕೆ ಸೇರ್ಕೊಂಡೆ ಅನ್ನು."

ಫೋನ್ ಇಟ್ಟುಬಿಟ್ಟೆ. ಅವಳದ್ದು ಮೊದಲಿಂದಲೂ ಇದೇ ನಾಲಿಗೆ. ಇನ್ನು ನಾನಾಗಿ ಮಾಡುವುದಿಲ್ಲ.

ಜನವರಿ 26, ಬುಧವಾರ

ಪಾರ್ಕಿನಲ್ಲಿ ಧ್ವಜ. ಮಂಜು ಎಷ್ಟಿತ್ತೆಂದರೆ ಬಾವುಟ ಏರಿದ್ದು ಹಗ್ಗ ಎಳೆದವರಿಗೆ ಮಾತ್ರ ಗೊತ್ತು. ದಕ್ಷಿಣಾಮೂರ್ತಿಗಳು ಶುದ್ಧ ಹಿಂದಿಯಲ್ಲಿ ಮಾತಾಡಿದರು: ಪ್ರಜಾಪ್ರಭುತ್ವ ಎಂದರೆ ತಲೆ ಎಣಿಸುವುದಲ್ಲ, ತಲೆ ಇರುವವರು ಹೊಣೆ ಹೊರುವುದು. ಚಪ್ಪಾಳೆ. ನನ್ನನ್ನು ಮುಂದೆ ಕರೆದು ಶಾಲು ಹೊದಿಸಿದರು. ಧನುಷ್, "ಅಮ್ಮಾ ಕೋ ಚಾದರ್ ಮಿಲೀ!" ಎಂದು, ಅಮ್ಮನಿಗೆ ಹೊದಿಕೆ ಸಿಕ್ಕಿತೆಂದು ಕೂಗಿ ಎಲ್ಲರನ್ನೂ ನಗಿಸಿದ.

ಗ್ರಿಲ್ಲಿನ ಹೊರಗೆ ಬಸ್ತಿಯ ಹೆಂಗಸರು ನಿಂತಿದ್ದರು. ಮಧ್ಯಾಹ್ನ ಪಾತ್ರೆ ತಿಕ್ಕುತ್ತ ಫೂಲ್‌ಮತಿ ಕೇಳಿದಳು:

"ಸಾಹೇಬರು ಓಟಿನ ಬಗ್ಗೆ ಹೇಳ್ತಿದ್ರಲ್ಲ ದೀದಿ, ಅವರು ಹಾಕ್ತಾರಾ?"

"ಹಾಕದೆ ಏನು?"

"ಮೇ ತಿಂಗಳಲ್ಲಿ ಬಿಸಿಲಲ್ಲಿ ಎರಡು ಗಂಟೆ ಲೈನಲ್ಲಿ ನಿಂತಿದ್ದೆ. ನಿಮ್ಮ ಗೋಡೆ ಕಡೆಯವರು ಒಬ್ಬರೂ ಕಾಣ್ಲಿಲ್ಲ. ಎಲ್ಲರಿಗೂ ಅವತ್ತು ಛುಟ್ಟಿ ಅಂತೆ, ಶಿಮ್ಲಾಕ್ಕೆ ಹೋಗಿದ್ರು."

ಸೊಂಟದಿಂದ ಮತದಾರರ ಚೀಟಿ ತೆಗೆದು ತೋರಿಸಿದಳು. ಪ್ಲಾಸ್ಟಿಕ್ಕಿನೊಳಗೆ ಇಟ್ಟಿದ್ದಾಳೆ. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಮಹಂತೇಶ್‌ದು ಬಾಗಲಕೋಟೆಯಲ್ಲಿ, ನನ್ನದು ಎಲ್ಲಿಯೂ ಇಲ್ಲ.

ಫೆಬ್ರವರಿ 3, ಗುರುವಾರ

ಫೂಲ್‌ಮತಿ ತಡವಾಗಿ ಬಂದಳು. ಕೈಯಲ್ಲಿ ಗೋಡೆಯಿಂದ ಕಿತ್ತ ನೋಟೀಸು, ಹಿಂದೆ ಅಂಟು ಇನ್ನೂ ಹಸಿಯಾಗಿತ್ತು.

"ದೀದಿ, ಏನು ಬರೆದಿದೆ ಓದಿ. ನೀವೇ ಬರೆದದ್ದಂತೆ."

ಓದಿದೆ. ಏಳು ವರ್ಷಕ್ಕಿಂತ ಹೆಚ್ಚು ನೆಲೆಸಿದವರಿಗೆ ಬೇರೆಡೆ ಜಾಗ. ಉಳಿದವರ ಮನೆಗಳನ್ನು ಬುಧವಾರ, ಒಂಬತ್ತನೇ ತಾರೀಖು, ತೆರವು ಮಾಡಲಾಗುವುದು. ಕೆಳಗೆ ನನ್ನದೇ ಪಟ್ಟಿ, ಟೈಪ್ ಮಾಡಿದ್ದು. ನಾಲ್ಕನೆಯ ಕಾಲಂನ ತಲೆಬರಹ ಪೂರ್ತಿಯಾಗಿತ್ತು. ನನ್ನ ಫಾರಂನ ಮಡಿಕೆಯಲ್ಲಿ ಅಳಿಸಿಹೋದ ಸಾಲು ಅಲ್ಲಿತ್ತು: ಅನುಮಾನಿತ ನಿವಾಸ ಅವಧಿ.

ಹಿಂದಿಯಲ್ಲಿ ಅನುಮಾನ ಎಂದರೆ ಅಂದಾಜು.

ಅಂದಾಜು. ಎಷ್ಟು ವರ್ಷದಿಂದ ಇದ್ದಾರೆ ಎಂಬ ಅಂದಾಜು. ಮೂರು ಪರೀಕ್ಷೆ ಕಟ್ಟಿದ್ದೆ ನಾನು. ಫೂಲ್‌ಮತಿ, ಸೊನ್ನೆ ವರ್ಷ. ಇಟ್ಟಿಗೆ ಹೊತ್ತ ಮುದುಕಿ, ಸೊನ್ನೆ ವರ್ಷ. ನಲವತ್ತಮೂರು ಮನೆಗೆ ಸೊನ್ನೆ. ಮೂರು ತಿಂಗಳ ಹಿಂದೆ ಬಂದ ಆ ಒಂಬತ್ತು ಗಂಡಸರಿಗೆ ಮಾತ್ರ ಒಂಬತ್ತು ವರ್ಷ. ನನಗೆ ಯಾರ ಮೇಲೆ ಅನುಮಾನ ಬಂತೋ ಅವರಿಗೆ ಮಾತ್ರ ಬೇರೆ ಜಾಗ.

"ಓದಿ ದೀದಿ, ಸುಮ್ಮನೆ ಯಾಕೆ ನಿಂತ್ರಿ?"

ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. "ಈ ಚಳೀಲಿ ಮಗೂನ ಕಟ್ಕೊಂಡು ಎಲ್ಲಿಗೆ ಹೋಗೋದು?" ಎಂದು ಗೋಡೆಯನ್ನು ಕೇಳಿದಂತೆ ಕೇಳಿ, ಸಿಂಕಿನಲ್ಲಿದ್ದ ಪಾತ್ರೆ ತೊಳೆದೇ ಹೋದಳು.

ಫೆಬ್ರವರಿ 4, ಶುಕ್ರವಾರ

ದಕ್ಷಿಣಾಮೂರ್ತಿಗಳು ಲಾನಿನ ಬಿಸಿಲಿನಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ಕೇಳಿ ನಕ್ಕರು, ಕೆಮ್ಮು ಬರುವವರೆಗೆ.

"ಶಾರದಾ, ಕೇಳಿದ್ಯಾ? ನಮ್ಮ ಕನ್ನಡದ ಅನುಮಾನ ಹಾಕಿಬಿಟ್ಟಿದ್ದಾಳೆ! ನಾನು ಹೊಸದಾಗಿ ಬಂದಾಗ ಮೇಲಧಿಕಾರಿಗೆ 'ಅವಸರ' ಅಂದು ಹೀಗೇ ಬೈಸ್ಕೊಂಡಿದ್ದೆ. ಹಿಂದೀಲಿ ಅದು ಅವಕಾಶ!"

"ತಿದ್ದಬೇಕು ಸರ್. ಬುಧವಾರ ಒಡೆದು ಹಾಕ್ತಾರೆ."

"ಅರ್ಜಿ ಕೊಡು. ನಿಯಮ ಇದೆ. ಮೂವತ್ತು ದಿನದೊಳಗೆ ಉತ್ತರ ಕೊಡ್ಲೇಬೇಕು."

"ಅವರ ಹತ್ತಿರ ಓಟಿನ ಚೀಟಿ ಇದೆ, ರೇಷನ್ ಕಾರ್ಡಿದೆ."

"ಅದು ಯಾರು ಬೇಕಾದ್ರೂ ಮಾಡಿಸ್ತಾರೆ. ಓದಿದ ಹೆಣ್ಣುಮಗಳು ಮನೆಮನೆಗೆ ಹೋಗಿ ಬರೆದ ಪಟ್ಟಿ ಮುಂದೆ ಅದಕ್ಕೇನು ಬೆಲೆ?"

ಆಗ ನನಗೆ ಕನ್ನಡಕ ನಿಂತದ್ದು ನೆನಪಾಯಿತು. "ಸರ್, ಅವತ್ತೇ ನಿಮಗೆ ಗೊತ್ತಾಗಿತ್ತಾ?"

ಕಿತ್ತಳೆಯ ನಾರು ಒಂದೊಂದಾಗಿ ತೆಗೆದರು. "ಎಲ್ಲಾ ಸೊನ್ನೆ ಇತ್ತು. ನೋಡಿದೆ. ಆದ್ರೆ ವಿಚಾರಿಸಿದವಳು ನೀನು. ನಿನ್ನ ಬರಹ ನಾನು ತಿದ್ದೋದು ನ್ಯಾಯವಾ ಮಗು? ಅದಕ್ಕೇ ಕೇಳಿದೆ, ನೀನೇ ವಿಚಾರಿಸಿದ್ದು ತಾನೇ ಅಂತ. ಹೌದು ಅಂದೆ." ಒಂದು ತೊಳೆ ನನ್ನ ಅಂಗೈಯಲ್ಲಿಟ್ಟರು. "ತಿನ್ನು. ಸಿಹಿ ಇದೆ."

ತಿಂದೆ. ಯಾಕೆ ತಿಂದೆನೋ.

ಶಾರದಮ್ಮನವರು ಗೇಟಿನವರೆಗೆ ಬಂದರು. ಕೈ ಹಿಡಿದು ಪಿಸುಗುಟ್ಟಿದರು: "ಹಠ ಮಾಡಬೇಡಮ್ಮ. ಇವರು ಯಾರ ಮೇಲೂ ಕೋಪ ಮಾಡ್ಕೊಳ್ಳಲ್ಲ. ಅದೇ ನನಗೆ ಹೆದರಿಕೆ."

ಫೆಬ್ರವರಿ 6, ಭಾನುವಾರ

ಮಹಂತೇಶ್ ಮನೆಯಲ್ಲಿದ್ದಾರೆ. ಎಲ್ಲ ಹೇಳಿದೆ. ಬಹಳ ಹೊತ್ತು ಧನುಷ್‌ನ ಸ್ವೆಟರಿನ ಗುಂಡಿ ಹಾಕಿ ತೆಗೆದು ಮಾಡಿದರು.

"ಸುಮ್ಮನಿರು ಅನ್ನೂದಿಲ್ಲ ನಾ. ಆದ್ರ ಮನಿ ಅವರ ಮಂದಿದು. ನಾಳೆ ಬಿಡ್ರಿ ಅಂದ್ರ ಈ ಚಳಿಯೊಳಗ ಹುಡುಗನ್ನ ಕರಕೊಂಡು ಎಲ್ಲಿಗೆ ಹೋಗೂದು?"

ಈ ಮಾತನ್ನು ಈ ವಾರ ಎಲ್ಲಿಯೋ ಕೇಳಿದ್ದೆ.

ಫೆಬ್ರವರಿ 7

ತಿದ್ದುಪಡಿಯ ಅರ್ಜಿ ಹಿಡಿದು ಕಚೇರಿಗೆ ಹೋದೆ. ಕಿಟಕಿಯಲ್ಲಿದ್ದವನು ಪಟ್ಟಿಯ ನಕಲು ತೆಗೆದು ನನ್ನ ಸಹಿಗೆ ಬೆರಳಿಟ್ಟ. "ಯೇ ಆಪ್ ಹೀ ಹೈಂ ನ ಮೇಡಂ, ಇದು ನೀವೇ ತಾನೇ? ಎಂ.ಎ.? ತಪ್ಪು ಹೇಗಾಗುತ್ತೆ?" ಸೀಲು ಹೊಡೆದು ಕೊಟ್ಟ. ಮೂವತ್ತು ದಿನ.

ಫೆಬ್ರವರಿ 8, ಮಂಗಳವಾರ, ಸಂಜೆ ಏಳೂವರೆ

ಪದ್ಮಾ, ಇದು ನಿನಗೆ.

ಇಷ್ಟು ದಿನ ನನಗಾಗಿ ಬರೆದದ್ದು. ಈಗ ನಿನ್ನ ಕೈಗೆ ಬಂದಿದ್ದರೆ ಫೂಲ್‌ಮತಿಯ ಗಂಡ ತಂದಿದ್ದಾನೆ. ಅವನಿಗೆ ಒಂದು ಲೋಟ ಚಹಾ ಕೊಡು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಎರಡು ದಿನದಿಂದ ನಿನ್ನ ಮೊಬೈಲ್ ಬಂದ್. ಕರೋಲ್ ಬಾಗಿನ ನಿನ್ನ ಮನೆಗೆ ಹನ್ನೊಂದು ಸಲ ಮಾಡಿದೆ. ನಿನ್ನ ಮಾಲೀಕರ ಅಜ್ಜಿ ಪ್ರತಿಸಲವೂ "ಮೀರಠ್, ರಾತ್ರಿ ಬರ್ತಾಳೆ" ಎಂದು ಕೂಗಿ ಇಟ್ಟುಬಿಡುತ್ತದೆ. ನಾನು ಹೇಳಿದ್ದು ಒಂದಕ್ಷರವೂ ಅದಕ್ಕೆ ಕೇಳಿಸಿಲ್ಲ. ಅದಕ್ಕೇ ಇದನ್ನು ಕಳಿಸುತ್ತಿದ್ದೇನೆ.

ಮೊದಲಿಂದ ಓದಬೇಡ, ಹೊತ್ತಿಲ್ಲ. ಜನವರಿ ಹದಿನೆಂಟು ಓದು. ಆಮೇಲೆ ಫೆಬ್ರವರಿ ಮೂರು, ನಾಲ್ಕು. ಆಮೇಲೆ ಕೊನೆಯ ಪುಟಗಳು. ನಲವತ್ತನಾಲ್ಕೂ ಮನೆಯವರು ತಾವು ಯಾವಾಗ ಬಂದೆವೆಂದು ಹೇಳಿದ್ದೆಲ್ಲ ಅಲ್ಲಿದೆ, ಆ ದಿನ, ಅವರ ಎದುರಿಗೇ ಬರೆದದ್ದು. ನಕಲು ಇಟ್ಟುಕೊಂಡ್ಯಾ ಎಂದು ಕೇಳಿದ್ದೆಯಲ್ಲ, ಇದೊಂದೇ ಇರುವುದು. ಮೊದಲ ಪುಟಗಳಲ್ಲಿ ನಾನು ಆ ಜನರ ಬಗ್ಗೆ ಬರೆದದ್ದನ್ನು ಹರಿದುಹಾಕೋಣ ಎನಿಸಿತು. ಪುಟ ಹರಿದ ಡೈರಿಯನ್ನು ಕೋರ್ಟು ನಂಬುವುದಿಲ್ಲವೇನೋ ಎಂದು ಬಿಟ್ಟೆ. ಬೈಯುವುದನ್ನು ಆಮೇಲೆ ಬೈ.

ತುರ್ತಿದ್ದರೆ ನಸುಕಿನಲ್ಲೇ ನ್ಯಾಯಾಧೀಶರ ಮನೆ ಬಾಗಿಲು ತಟ್ಟಬಹುದು ಎಂದು ನೀನೇ ಒಮ್ಮೆ ಹೇಳಿದ್ದೆ. ಎಲ್ಲಿಗೆ ಬರಬೇಕು ಹೇಳು. ಪಟ್ಟಿ ಸುಳ್ಳು, ಬರೆದವಳು ನಾನು, ನನಗೆ ಹಿಂದಿ ಬರುವುದಿಲ್ಲ ಎಂದು ಯಾರೆದುರು ಬೇಕಾದರೂ ಹೇಳುತ್ತೇನೆ. ಸಹಿ ಮಾಡುತ್ತೇನೆ, ಎಂ.ಎ. ಇಲ್ಲದೆ.

ಎರಡು ಹಳದಿ ಯಂತ್ರಗಳು ಸಂಜೆಯೇ ಬಂದು ನಾಲೆಯ ಪಕ್ಕ ನಿಂತಿವೆ. ಒಡೆಯುವುದು ಬೆಳಿಗ್ಗೆ ಏಳಕ್ಕಂತೆ. ಡ್ರೈವರ್‌ಗಳು ಅವುಗಳ ಹಲ್ಲಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದಾರೆ.

ಹಿಂದಿನ ಗೋಡೆಯಲ್ಲಿ ಮತ್ತೆ ಟಕ್ ಟಕ್ ಕೇಳುತ್ತಿದೆ. ಸಾಮಾನು ಈಚೆ ತರಲು ಕಿಂಡಿ ತೆಗೆಯುತ್ತಿದ್ದಾರೆ. ಸುತ್ತಿಗೆ ನಮ್ಮ ಮನೆಯದು. ದಕ್ಷಿಣಾಮೂರ್ತಿಗಳ ಮನೆಯ ಮಹಡಿಯಲ್ಲಿ ಲೈಟು ಹತ್ತಿದೆ, ಪರದೆಯ ಹಿಂದೆ ನಿಂತು ನೋಡುತ್ತಿದ್ದಾರೆ. ಏನೂ ಅನ್ನಲಿಲ್ಲ. ಅನ್ನುವುದೂ ಇಲ್ಲ.

ಇಸ್ತ್ರಿಯವನ ಮಗಳ ಮದುವೆಯ ಟ್ರಂಕು ನಮ್ಮ ಹಾಲಿನಲ್ಲಿದೆ. ಮುದುಕಿ ಅಡುಗೆಮನೆಯಲ್ಲಿ ಕೂತು ಪೂರ್ವದ ಕಿಟಕಿ ನೋಡುತ್ತಿದ್ದಾಳೆ. ಫೂಲ್‌ಮತಿಯ ಮಗು ಧನುಷ್‌ನ ಪಕ್ಕದಲ್ಲೇ ಮಲಗಿದೆ. ಹಿಂದಿನ ಬಾಗಿಲು ತೆರೆದೇ ಇದೆ. ಒಬ್ಬರಾದ ಮೇಲೆ ಒಬ್ಬರು ರೇಷನ್ ಕಾರ್ಡು ತಂದು ಕೊಡುತ್ತಿದ್ದಾರೆ, ಚಿಲಕ ಹಾಕಿ ತೆಗೆದು ಮಾಡಲು ನನಗೆ ಪುರಸೊತ್ತಿಲ್ಲ.

ಮಹಂತೇಶ್‌ಗೆ ಹೇಳಿದೆ. "ಏನ್ ಮಾಡ್ತೀ ಮಾಡು, ಫೋನ್ ಖಾಲಿ ಇಡು," ಎಂದರು. ಅವರೂ ಇವತ್ತು ಮಾಡುವುದಿಲ್ಲ. ಫೋನಿನ ವೈರು ಎಳೆದು ಹಾಸಿಗೆಯ ಹತ್ತಿರ ತಂದಿಟ್ಟಿದ್ದೇನೆ. ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಫೂಲ್‌ಮತಿಯ ಗಂಡ ಹೊರಟು ನಿಂತಿದ್ದಾನೆ. ಪದ್ಮಾ, ಎಷ್ಟೇ ಹೊತ್ತಿಗೆ ಬಂದರೂ ಸರಿ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡು. ಆಗುವುದಿಲ್ಲ ಎನ್ನುವುದಾದರೂ ಮಾಡು. ಮಲಗಿರುತ್ತಾಳೆ ಎಂದು ಮಾತ್ರ ಹಿಂಜರಿಯಬೇಡ ಕಣೇ.